ನಾಲ್ಕನೆಯ ಚೌಕ

ನಮ್ಮ ಕೇಂದ್ರದಲ್ಲಿ ಎಲ್ಲರಿಗೂ ತಲೆ ಕೆಡುತ್ತದೆ, ನನಗೊಬ್ಬಳಿಗೆ ಮಾತ್ರ ಕೆಡುವ ಹಾಗಿಲ್ಲ. ಕಂಪ್ಯೂಟರ್ ಕೈಕೊಟ್ಟರೆ ಗುಮಾಸ್ತ "ತಲೆ ಕೆಟ್ಟೋಯ್ತು" ಅನ್ನುತ್ತಾನೆ. ಮೀಟಿಂಗು ಎರಡು ಗಂಟೆ ಎಳೆದರೆ ನರ್ಸೂ ಅದನ್ನೇ ಅನ್ನುತ್ತಾಳೆ. ಯಾರೂ ಕತ್ತೆತ್ತಿ ನೋಡುವುದಿಲ್ಲ. ಅದೇ ಮಾತು ನನ್ನ ಬಾಯಿಂದ ಬಂದರೆ ನಾಲ್ಕು ಜನ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಮುಖ ನೋಡುತ್ತಾರೆ. "ನಿದ್ದೆ ಸರಿಯಾಗಿ ಬರ್ತಿದೆಯಾ?" ಎಂದು ಒಬ್ಬರಾದರೂ ಮೆಲ್ಲಗೆ ಕೇಳುತ್ತಾರೆ. ನನಗೆ ನಿಜವಾಗಿಯೂ ಒಮ್ಮೆ ತಲೆ ಕೆಟ್ಟಿತ್ತು ನೋಡಿ, ಅದಕ್ಕೆ. ಆ ಕೆಟ್ಟಿದ್ದೇ ನನ್ನ ಅರ್ಹತೆ, ಅದಕ್ಕೇ ನನಗೆ ಸಂಬಳ.

ಹನ್ನೊಂದು ವರ್ಷದ ಹಿಂದೆ ನನಗೆ ಬೇರೆ ಯಾರಿಗೂ ಕೇಳದ ದನಿಗಳು ಕೇಳುತ್ತಿದ್ದವು. ಎರಡು ಸಲ ವಾರ್ಡು ಸೇರಿ ಬಂದೆ. ಈಗ ಮಾತ್ರೆ ಇದೆ, ನಿದ್ದೆ ಇದೆ, ದನಿಗಳು ಇಲ್ಲ. ಈ ಮಾನಸಿಕ ಆರೋಗ್ಯ ಕೇಂದ್ರದವರು ನನ್ನಂಥವಳನ್ನೇ ಹುಡುಕುತ್ತಿದ್ದರು. ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆ ಸೇರಿದವರ ಬಳಿ ವಾರಕ್ಕೊಮ್ಮೆ ಹೋಗಿ ಕೂರಬೇಕು, ಮಾತಾಡಬೇಕು, 'ನಾನೂ ಇದನ್ನು ದಾಟಿ ಬಂದವಳು' ಎಂಬುದು ಅವರಿಗೆ ಕಾಣುವ ಹಾಗೆ ಇರಬೇಕು. ಗುರುತಿನ ಚೀಟಿಯಲ್ಲಿ ನನ್ನ ಹುದ್ದೆಗೆ 'ಜೊತೆಗಾತಿ' ಎಂದು ಬರೆದಿದ್ದಾರೆ. ನನ್ನ ತಂಗಿ ಆ ಚೀಟಿ ನೋಡಿ, "ಎಲ್ರೂ ಓದಿ ಕೆಲ್ಸ ತಗೋತಾರೆ, ನೀನು ಹುಚ್ಚು ಹಿಡಿಸ್ಕೊಂಡು ತಗೊಂಡೆ ಕಣೇ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಅವಳು ಹಾಗೆ ಹೇಳಬಹುದು. ವಾರ್ಡಿನಲ್ಲಿ ನನ್ನ ತಲೆ ಬಾಚಿದವಳು ಅವಳೇ.

ನನ್ನ ಪಟ್ಟಿಯಲ್ಲಿ ಒಂಬತ್ತು ಜನ. ಅವರಲ್ಲಿ ಕಾಜಾ ಮೇಷ್ಟ್ರು ಒಬ್ಬರು. ಐವತ್ತು ದಾಟಿದ ದರ್ಜಿ, ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ. ಕೋಟಿಗೆ ಕೈಯಲ್ಲೇ ಕಾಜಾ ಹಾಕುತ್ತಾರೆ, ಅಂದರೆ ಗುಂಡಿ ತೂರುವ ಸೀಳಿನ ಸುತ್ತ ಒಂದೇ ಅಳತೆಯ ಸಣ್ಣ ಹೊಲಿಗೆ. ಯಂತ್ರದ ಕಾಜಾ ಎರಡು ವರ್ಷಕ್ಕೆ ಬಾಯಿ ಬಿಡುತ್ತದೆ, ಇವರದು ಕೋಟು ಹರಿದರೂ ಹರಿಯುವುದಿಲ್ಲ ಎಂದು ಅಂಗಡಿಯವರೇ ಹೇಳುತ್ತಾರೆ. ಒಂದು ಲಾಂಡ್ರಿಯ ಹಿಂದಿನ ಎರಡು ಕೋಣೆಯಲ್ಲಿ ಮೇಷ್ಟ್ರೂ ಅವರ ಅಕ್ಕನೂ ಇರುತ್ತಾರೆ. ಅಕ್ಕ ಶಾಲೆಯೊಂದರಲ್ಲಿ ಗುಮಾಸ್ತೆ. ಇಬ್ಬರೂ ಮದುವೆಯಾದವರಲ್ಲ, ಇಬ್ಬರೂ ದಿನಕ್ಕೊಮ್ಮೆ ಫ್ಯಾನಿನ ವೇಗದ ಬಗ್ಗೆ ಜಗಳವಾಡುತ್ತಾರೆ.

ಮೂರು ವರ್ಷದ ಹಿಂದೆ ಮೇಷ್ಟ್ರು ಕಾಯಿಲೆ ವಾಸಿಯಾಯಿತೆಂದು ತಾವೇ ಮಾತ್ರೆ ಬಿಟ್ಟಿದ್ದರು. ತಿಂಗಳೊಳಗೆ, ಮನೆಗೆ ತಂದಿದ್ದ ಗಿರಾಕಿಗಳ ಕೋಟುಗಳ ಒಳಪದರವನ್ನೆಲ್ಲ ಬಿಚ್ಚಿ, ತಮ್ಮ ವಿರುದ್ಧ ಯಾರೋ ಬರೆದು ಬಚ್ಚಿಟ್ಟ ಚೀಟಿಗಳನ್ನು ಹುಡುಕತೊಡಗಿದರು. ಏಳು ಕೋಟು. ನಂತರ ಮೂರು ತಿಂಗಳು ವಾರ್ಡು. ಅಂಗಡಿಯ ಯಜಮಾನಿ ಒಳ್ಳೆಯವಳು, ಕೋಟುಗಳನ್ನು ತಾನೇ ಸರಿಮಾಡಿಸಿ ವಿಷಯ ಮುಚ್ಚಿಟ್ಟಳು. ಅಂಗಡಿಯ ಉಳಿದವರಿಗೆ ಮೇಷ್ಟ್ರಿಗೆ ಆಗಿದ್ದು ಕಾಮಾಲೆ. ಆ ಸುಳ್ಳಿನ ನೆರಳಿನಲ್ಲಿ ಅವರು ಮರ್ಯಾದೆಯಿಂದ ಕೂತು ಕೆಲಸ ಮಾಡುತ್ತಿದ್ದರು.

ಈಗಿನ ತೊಂದರೆ ಶುರುವಾದದ್ದು ಮಾತ್ರೆಯಿಂದ. ಬೇಸಿಗೆಯಲ್ಲಿ ಡಾಕ್ಟರು ಒಂದು ಮಾತ್ರೆಯ ಪ್ರಮಾಣ ಏರಿಸಿದ್ದರು, ಅಂದಿನಿಂದ ಮೇಷ್ಟ್ರ ಕೈ ನಡುಗುತ್ತಿತ್ತು. ಬೇರೆ ಯಾರದಾದರೂ ಕೈಯಾಗಿದ್ದರೆ ಚಹಾ ಚೆಲ್ಲಿ ಅಲ್ಲಿಗೆ ಮುಗಿಯುತ್ತಿತ್ತು. ಇವರಿಗೆ ಆ ಕೈಯೇ ಜೀವನ. ಡಾಕ್ಟರು ಕೇಂದ್ರಕ್ಕೆ ವಾರದಲ್ಲಿ ಎರಡು ದಿನ ಬರುತ್ತಾರೆ, ಮೇಷ್ಟ್ರ ಸರದಿ ಇದ್ದದ್ದು ಏಳು ವಾರದ ನಂತರ. ಅದನ್ನು ಬೇಗ ಮಾಡಿಕೊಡಿ ಎಂದು ಮೂರು ವಾರದಿಂದ ನಾನು ಕೇಳುತ್ತಲೇ ಇದ್ದೆ, ಗೋಡೆಗೆ ಹೇಳಿದ ಹಾಗೆ.

ಆ ಸೋಮವಾರದ ಮೀಟಿಂಗಿನಲ್ಲಿ ಮತ್ತೆ ಎತ್ತಿದೆ. ಮೇಲ್ವಿಚಾರಕಿಯನ್ನು ನಾವು ಮೇಡಂ ಎನ್ನುತ್ತೇವೆ. ಕೆಟ್ಟವರಲ್ಲ. ಇನ್ನೂರು ಜನರ ಕಡತ ಅವರ ಮೇಜಿನ ಮೇಲೆ, ಯಾವಾಗ ನೋಡಿದರೂ ಕನ್ನಡಕ ಹಣೆಯ ಮೇಲೆ.

"ಕೈ ನಡುಗೋದು ತುರ್ತು ಪಟ್ಟಿಯಲ್ಲಿ ಬರಲ್ಲ," ಅಂದರು. "ಅವರು ಊಟ ಮಾಡ್ತಿದಾರೆ, ನಿದ್ದೆ ಮಾಡ್ತಿದಾರೆ, ಕೆಲಸಕ್ಕೆ ಹೋಗ್ತಿದಾರೆ. ಅವರಿಗಿಂತ ಕಷ್ಟದಲ್ಲಿರೋರು ಮೂವತ್ತು ಜನ ಇದಾರೆ."

"ಕೆಲಸಕ್ಕೆ ಹೋಗ್ತಿದಾರೆ ಅಂತಾನೇ ಹೇಳ್ತಿರೋದು ಮೇಡಂ. ಇನ್ನು ಏಳು ವಾರ ಹೀಗೇ ಬಿಟ್ರೆ ಹೋಗಲ್ಲ."

"ಆವಾಗ ನೋಡೋಣ."

ಪಿತ್ತ ನೆತ್ತಿಗೇರಿತು. "ಆವಾಗ ಏನ್ ನೋಡ್ತೀರಿ? ಚೆನ್ನಾಗಿರೋರನ್ನ ಕೆಡೋವರೆಗೂ ಕಾದು, ಕೆಟ್ಟ ಮೇಲೆ ಬನ್ನಿ ಅನ್ನೋದಾದ್ರೆ ಈ ಬೋರ್ಡ್ ಯಾಕೆ ಹಾಕ್ಕೊಂಡು ಕೂತಿದೀವಿ?" ಎಂದು ಮೇಜು ಕುಟ್ಟಿದೆ. ನರ್ಸಿನ ಚಹಾ ಹಾಜರಿ ಪುಸ್ತಕದ ಮೇಲೆ ಚೆಲ್ಲಿತು.

ಎಲ್ಲರೂ ಸುಮ್ಮನಾದರು. ಆ ಸುಮ್ಮನಿರುವಿಕೆ ನನಗೆ ಚೆನ್ನಾಗಿ ಗೊತ್ತು. ಮೇಡಂ ಕನ್ನಡಕ ಕಣ್ಣಿಗೆ ಇಳಿಸಿ, ಮಗುವಿನ ಹತ್ತಿರ ಮಾತಾಡುವ ದನಿಯಲ್ಲಿ, "ನೀವು ಸ್ವಲ್ಪ ಹೊತ್ತು ಹೊರಗೆ ಗಾಳೀಲಿ ಕೂತ್ಕೊಂಡು ಬನ್ನಿ. ಮಾತ್ರೆ ಎಲ್ಲ ಸರಿಯಾಗಿ ತಗೋತಿದೀರಾ ತಾನೇ?" ಅಂದರು.

ಹಿಂದಿನ ವಾರವಷ್ಟೇ ನಮ್ಮ ವ್ಯಾನಿನ ಡ್ರೈವರು ಟೈರಿನ ವಿಚಾರಕ್ಕೆ ಇದೇ ಮೇಜನ್ನು ಇದಕ್ಕಿಂತ ಜೋರಾಗಿ ಕುಟ್ಟಿದ್ದ. ಅವನ ಮಾತ್ರೆಯ ಬಗ್ಗೆ ಯಾರೂ ವಿಚಾರಿಸಲಿಲ್ಲ, ಹೊಸ ಟೈರು ತರಿಸಿಕೊಟ್ಟರು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಇಪ್ಪತ್ತು ನಿಮಿಷ ಕೂತೆ. ಇನ್ನೊಂದು ಮಾತಾಡಿದ್ದರೆ ಅದೂ ಕಾಯಿಲೆಯ ಲಕ್ಷಣಗಳ ಲೆಕ್ಕಕ್ಕೇ ಸೇರುತ್ತಿತ್ತು.

ಒಳಗೆ ಬಂದಾಗ ಮೀಟಿಂಗು ಮುಗಿದಿತ್ತು. "ಫಾರಂಗಳ ಬಗ್ಗೆ ಹೊಸ ಸುತ್ತೋಲೆ ಓದಿದ್ರು. ನಿಮ್ಮ ಫೈಲಲ್ಲಿ ಒಂದು ಪ್ರತಿ ಇಟ್ಟಿದೀನಿ, ನೋಡ್ಕೊಳ್ಳಿ," ಎಂದಳು ನರ್ಸು. ನಾನು ನೋಡಲಿಲ್ಲ. ಪುರುಸೊತ್ತಿರಲಿಲ್ಲ ಅಂತ ಹೇಳಬಹುದು, ಆದರೆ ನಿಜ ಅದಲ್ಲ. ಸಿಟ್ಟಿತ್ತು. ನನ್ನನ್ನು ಆಚೆ ಕೂರಿಸಿ ಓದಿದ್ದನ್ನು ನಾನೇಕೆ ಓದಲಿ ಎಂಬ ಹಟ.

ಬುಧವಾರ ಹೊಲಿಗೆ ಅಂಗಡಿಗೆ ರಜೆ, ಹಾಗಾಗಿ ಬುಧವಾರವೇ ನಾನು ಮೇಷ್ಟ್ರ ಮನೆಗೆ ಹೋಗುವುದು. ಅಂದು ಅವರು ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ಕೂತಿದ್ದರು. ನಾನು ಬಂದದ್ದನ್ನು ನೋಡಿಯೂ ಕೈ ಇಳಿಸಲಿಲ್ಲ. ದಾರವನ್ನು ಬಾಯಲ್ಲಿ ನೆನೆಸಿ, ತಿರುಚಿ, ಗುರಿ ಇಟ್ಟರು. ತಪ್ಪಿತು. ಮತ್ತೆ ತಪ್ಪಿತು. ಐದನೆಯ ಸಲಕ್ಕೆ ನಕ್ಕುಬಿಟ್ಟರು.

"ನೋಡು ತಂಗಿ, ದಾರ ಒಂದು ಕಡೆ, ಸೂಜಿ ಒಂದು ಕಡೆ. ಮಾತು ಬಿಟ್ಟ ಗಂಡ ಹೆಂಡ್ತಿ ಥರ."

ಒಂದು ತುಂಡು ಬಟ್ಟೆಯ ಮೇಲೆ ತಾವು ಹಿಂದಿನ ದಿನ ಹಾಕಿದ ಕಾಜಾ ತೋರಿಸಿದರು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಒಂದು ಸೀಳಿನಿಂದಲೇ ಆಚೆ. ಕಲಿಯಲು ಬಂದವರೂ ಅದನ್ನು ಬಚ್ಚಿಡುತ್ತಾರೆ.

"ಹೋಟೆಲಿನೋರ ಹನ್ನೆರಡು ಕೋಟು ಬಂದಿದೆ," ಅಂದರು. "ಎರಡಕ್ಕೆ ಹಾಕ್ದೆ. ಯಜಮಾನಿ ಏನೂ ಅನ್ನಲಿಲ್ಲ. ಸುಮ್ನೆ ಬಿಚ್ಚಿ ತಾನೇ ಕೂತು ಹಾಕಿದ್ಲು. ಬೈದಿದ್ರೆ ಎಷ್ಟೋ ವಾಸಿ ಇತ್ತು."

ಆಗಷ್ಟೇ ಶಾಲೆಯಿಂದ ಬಂದಿದ್ದ ಅವರ ಅಕ್ಕ ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದರು. ನನಗೆ ಕಣ್ಣಲ್ಲೇ ಏನೋ ಹೇಳುತ್ತಿದ್ದರು, ಅದೇನೆಂದು ಮರುಕ್ಷಣ ಮೇಷ್ಟ್ರ ಬಾಯಿಂದಲೇ ಬಂತು.

"ಭಾನುವಾರದ ತನಕ ನೋಡ್ತೀನಿ ತಂಗಿ. ಆಮೇಲೆ ಆ ಮಾತ್ರೆ ನಿಲ್ಲಿಸ್ತೀನಿ. ತಲೆ ಉಳಿಸ್ಕೊಂಡು ಕೈ ಕಳ್ಕೊಂಡ್ರೆ ನಾನೇನ್ ಮಾಡ್ಲಿ? ಬರೀ ತಲೆ ಇಟ್ಕೊಂಡು ಯಾವ ಕೆಲಸ ಸಿಗುತ್ತೆ ನನಗೆ?"

"ಮತ್ತೆ ಆ ಮೂರು ತಿಂಗಳು ಬೇಕಾ ನಿನಗೆ?" ಎಂದರು ಅಕ್ಕ. "ನನ್ ಕೈಲಾಗಲ್ಲ ಕಣೋ. ಈ ಸಲ ನನ್ ಕೈಲಾಗಲ್ಲ."

ಮೇಷ್ಟ್ರು ನನ್ನ ಕಡೆ ತಿರುಗಿದರು. ಈ ವಿಷಯ ಅವರು ಬೇರೆ ಯಾರಿಗೂ ಹೇಳುತ್ತಿರಲಿಲ್ಲ. ಮೊದಲ ಎರಡು ಭೇಟಿಯಲ್ಲಿ ನನ್ನೊಡನೆಯೂ ಹೂಂ, ಉಹೂಂ ಬಿಟ್ಟರೆ ಮಾತಿರಲಿಲ್ಲ. ಮೂರನೆಯ ಸಲ ನಾನು ನನ್ನ ಕಥೆ ಹೇಳಿದೆ. ಬೀದಿಯ ಜನರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ ನನ್ನನ್ನು ರಟ್ಟೆ ಹಿಡಿದು ವ್ಯಾನು ಹತ್ತಿಸಿದ್ದು, ಒಂದು ಕಾಲಿನ ಚಪ್ಪಲಿ ರಸ್ತೆಯಲ್ಲೇ ಉಳಿದದ್ದು, ಇಂದಿಗೂ ಆ ಬೀದಿಗೆ ನಾನು ಕಾಲಿಡದೆ ಇರುವುದು. ಕೇಳಿಸಿಕೊಂಡು ಅವರು, "ಹಾಗಾದ್ರೆ ನಿನಗೆ ಹೇಳ್ಬಹುದು," ಅಂದಿದ್ದರು.

"ಶನಿವಾರದೊಳಗೆ ಡಾಕ್ಟರನ್ನ ತೋರಿಸ್ತೀನಿ ಮೇಷ್ಟ್ರೇ. ಅಲ್ಲಿವರೆಗೂ ಮಾತ್ರೆ ಬಿಡಲ್ಲ ಅಂತ ಮಾತು ಕೊಡಿ."

"ಹೇಗೆ ತೋರಿಸ್ತೀಯ?"

"ಅದು ನನಗೆ ಬಿಡಿ."

ಮಾತು ಕೊಟ್ಟರು. ಕೊಟ್ಟ ಕೈಯೂ ನಡುಗುತ್ತಲೇ ಇತ್ತು.

ಗುರುವಾರ ಬೆಳಿಗ್ಗೆ ಕೇಂದ್ರಕ್ಕೆ ಹೋದವಳೇ ಭೇಟಿಯ ಫಾರಂ ತೆಗೆದೆ. ಎರಡನೆಯ ಪುಟದಲ್ಲಿ ಆರು ಚೌಕಗಳಿವೆ. ಮೊದಲ ಮೂರರಲ್ಲಿ ಯಾವುದಕ್ಕೆ ಗೀಟು ಹಾಕಿದರೂ ಏನೂ ಆಗುವುದಿಲ್ಲ, ಅವು ನಿದ್ದೆ, ಊಟ, ಸ್ನಾನ. ನಾಲ್ಕನೆಯದು 'ತನಗೆ ಅಥವಾ ಇತರರಿಗೆ ಹಾನಿ ಮಾಡುವ ಸಂಭವ'. ಅದಕ್ಕೆ ಗೀಟು ಬಿದ್ದರೆ ಎರಡು ದಿನದೊಳಗೆ ಡಾಕ್ಟರು ನೋಡಲೇಬೇಕು. ಇದು ಕೇಂದ್ರದಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಸರದಿ ಸಿಗದೆ ಒದ್ದಾಡುವವರಿಗೆ ನಮ್ಮ ಸಮಾಜ ಕಾರ್ಯಕರ್ತ ಕಣ್ಣು ಮಿಟುಕಿಸಿ ಆ ಚೌಕ ಬಳಸುವುದನ್ನು ನಾನೇ ನಾಲ್ಕೈದು ಸಲ ಕಂಡಿದ್ದೆ. ಪ್ರತಿ ಸಲವೂ ಡಾಕ್ಟರು ಸಿಕ್ಕಿದ್ದರು, ಯಾರಿಗೂ ಏನೂ ಆಗಿರಲಿಲ್ಲ.

ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಮೇಷ್ಟ್ರು ಇರುವೆಯನ್ನೂ ಊದಿ ಆಚೆ ಕಳಿಸುವ ಮನುಷ್ಯ. ಬರೆದರೆ ಶುದ್ಧ ಸುಳ್ಳು. ಆದರೆ ನಿಜವನ್ನು ಮೂರು ವಾರ ಹೇಳಿದ್ದೆನಲ್ಲ, ಏನಾಯಿತು? ಮೆಟ್ಟಿಲ ಮೇಲೆ ಕೂರುವ ಹಾಗಾಯಿತು. ಗೀಟು ಹಾಕಿದೆ.

ಅದರ ಕೆಳಗೆ ಒಂದು ಸಾಲು: 'ಹರಿತವಾದ ವಸ್ತುಗಳು ಕೈಗೆ ಸಿಗುವಂತಿವೆಯೇ?' ನನಗೆ ನಗು ಬಂತು. ದರ್ಜಿಯ ಕೈಗೆ ಕತ್ತರಿ ಸಿಗದೆ ಸೌಟು ಸಿಗುತ್ತದೆಯೇ? 'ಹೌದು' ಎಂದು ಬರೆದೆ. 'ಹಗಲು ಎಲ್ಲಿರುತ್ತಾರೆ' ಎಂಬಲ್ಲಿ ಅಂಗಡಿಯ ವಿಳಾಸವನ್ನು ಅಂದವಾಗಿ ತುಂಬಿದೆ. ಅಂದು ಮೇಡಂ ರಜೆಯಲ್ಲಿದ್ದರು. ಫಾರಂ ಅವರ ಟ್ರೇಯಲ್ಲಿಟ್ಟು ಮನೆಗೆ ಹೋಗಿ ತಂಗಿಯ ಮುಂದೆ ಜಂಬ ಕೊಚ್ಚಿಕೊಂಡೆ. ಇವರ ಆಟ ಇವರಿಗೇ ಆಡಿ ತೋರಿಸಿದೆ ಅಂದೆ.

ಶುಕ್ರವಾರ ಹನ್ನೊಂದು ಗಂಟೆಗೆ ನಾನು ಬೇರೊಬ್ಬರ ಮನೆಯಲ್ಲಿದ್ದೆ. ಫೋನು ಬಂತು. ಮೇಷ್ಟ್ರ ಅಕ್ಕ, ಶಾಲೆಯಿಂದ.

"ಅಂಗಡಿ ಯಜಮಾನಿ ಫೋನ್ ಮಾಡಿದ್ರು. ನಿಮ್ಮ ವ್ಯಾನ್ ಬಂದು ನಿಂತಿದೆಯಂತೆ. ಇಬ್ರು ಗಂಡಸರು ಒಳಗೆ ಹೋಗಿದಾರಂತೆ. ಏನ್ರೀ ಇದು? ಏನ್ ನಡೀತಿದೆ ಅಲ್ಲಿ?"

ಆಟೋ ಹಿಡಿದು ಓಡಿದೆ. ದಾರಿಯಲ್ಲಿ ನರ್ಸಿಗೆ ಫೋನು ಮಾಡಿ ಕೇಳಿದೆ. ಅವಳು ಸುತ್ತೋಲೆ ಓದಿ ಹೇಳಿದಳು. ನಾಲ್ಕನೆಯ ಚೌಕಕ್ಕೆ ಗೀಟೂ, ಹರಿತವಾದ ವಸ್ತುವಿಗೆ 'ಹೌದು' ಎಂದೂ ಒಟ್ಟಿಗೆ ಇದ್ದರೆ ಕಾಯುವಂತಿಲ್ಲ, ಸಿಬ್ಬಂದಿ ಹೋಗಿ ಆ ವ್ಯಕ್ತಿಯನ್ನು ಇದ್ದಲ್ಲಿಂದಲೇ ಕರೆತರಬೇಕು. ಸೋಮವಾರ ನಾನು ಮೆಟ್ಟಿಲ ಮೇಲಿದ್ದಾಗ ಓದಿದ್ದು ಅದನ್ನೇ.

ಅಂಗಡಿ ತಲುಪಿದಾಗ ಮೂರು ಹೊಲಿಗೆ ಯಂತ್ರಗಳೂ ನಿಂತಿದ್ದವು. ಹೊಲಿಯುವವರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಒಬ್ಬ ಗಿರಾಕಿ, ಒಂದೇ ತೋಳು ಜೋಡಿಸಿದ ಕೋಟು ತೊಟ್ಟು, ಕನ್ನಡಿಯ ಮುಂದೆ ಕೈ ಚಾಚಿಕೊಂಡೇ ಇದ್ದ. ಮೇಷ್ಟ್ರ ಎರಡೂ ಪಕ್ಕ ನಮ್ಮ ಅಟೆಂಡರುಗಳು. ಒಬ್ಬನ ಕೈಯಲ್ಲಿ ಅವರ ಕತ್ತರಿ, ಕರವಸ್ತ್ರದಲ್ಲಿ ಸುತ್ತಿದ್ದು. ಅವರ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಹೋಗುತ್ತ ಆ ಗಿರಾಕಿಗೆ, "ಎಡಗಡೆ ಭುಜ ಸ್ವಲ್ಪ ಇಳಿಸ್ಬೇಕು ಸ್ವಾಮಿ, ಇಲ್ಲಿ ಹೊಲಿಯೋರಿಗೆ ಹೇಳಿ," ಅಂದರು. ಗಿರಾಕಿ ಎರಡು ಹೆಜ್ಜೆ ಹಿಂದೆ ಸರಿದ.

ಬಾಗಿಲಲ್ಲಿ ನನ್ನನ್ನು ಕಂಡರು. ಅವರ ಮುಖ ಅರಳಿತು.

"ಬಂದ್ಯಾ ತಂಗಿ? ಏನೋ ತಪ್ಪಾಗಿದೆ. ನಾನು ಏನೋ ಮಾಡ್ಕೋತೀನಿ ಅಂತ ಯಾರೋ ಬರೆದಿದಾರಂತೆ. ನೀನೇ ಹೇಳು ಇವರಿಗೆ."

ಹೇಳಿದೆ. ಇವರು ಅಂಥವರಲ್ಲ, ಬಿಡಿ ಎಂದು ಕೂಗಾಡಿದೆ. ಬರೆದವಳು ನಾನೇ ಎಂಬುದನ್ನು ಮಾತ್ರ ಹೇಳಲಿಲ್ಲ. ಅಟೆಂಡರು, "ನಮ್ದೇನಿದೆ ಅಕ್ಕಾ, ಫಾರಂ ಇದೆ, ಬಂದಿದೀವಿ," ಅಂದ. ಅವನದೂ ತಪ್ಪಲ್ಲ. ನಾನೂ ವ್ಯಾನು ಹತ್ತಿ ಮೇಷ್ಟ್ರ ಪಕ್ಕ ಕೂತೆ. ದಾರಿಯುದ್ದಕ್ಕೂ ಅವರು ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. "ನೀನು ಬಂದ್ಯಲ್ಲ, ಸಾಕು," ಎಂದು ಒಂದು ಸಲ ಅಂದರು.

ಡಾಕ್ಟರು ನೋಡಿದ್ದು ನಾಲ್ಕು ನಿಮಿಷ. ಎರಡೂ ಕೈ ಚಾಚಿಸಿ ನೋಡಿದರು, ಒಂದು ಮಾತ್ರೆ ಅರ್ಧಕ್ಕಿಳಿಸಿದರು, ನಡುಕಕ್ಕೆ ಇನ್ನೊಂದು ಚಿಕ್ಕ ಮಾತ್ರೆ ಬರೆದರು. "ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದಿನ ಯಾಕೆ ಸುಮ್ನಿದ್ರಿ?" ಎಂದು ನನ್ನನ್ನೇ ಕೇಳಿದರು! ಆ ಕೋಣೆಯಲ್ಲಿ ಕುಟ್ಟಲು ಒಂದು ಮೇಜಿತ್ತು. ಕೈ ಕಟ್ಟಿಕೊಂಡು ಹಲ್ಲು ಕಚ್ಚಿ ನಿಂತೆ.

ಮೇಷ್ಟ್ರನ್ನು, ಅಷ್ಟರಲ್ಲಿ ಶಾಲೆಯಿಂದ ಬಂದಿದ್ದ ಅಕ್ಕನ ಜೊತೆ ಕಳಿಸಿ ಮೇಡಂ ಬಳಿ ಹೋದೆ.

"ಸುಳ್ಳು ಬರೆದಿದ್ರಾ?" ಅಂದರು.

"ನಿಜ ಬರೆದ್ರೆ ಏಳು ವಾರ."

"ಸುತ್ತೋಲೆ ಸೋಮವಾರನೇ ಓದಿದ್ವಲ್ಲ."

"ಸೋಮವಾರ ನೀವು ನನ್ನನ್ನ ಗಾಳಿಗೆ ಕಳಿಸಿದ್ರಿ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಿಡಿ. ನಾನೂ ಫೋನ್ ಮಾಡಿ ಕೇಳ್ಬೇಕಿತ್ತು ನಿಮ್ಮನ್ನ. ಫಾರಂ ಯಾರು ತುಂಬಿದ್ದು ಅಂತ ಅವರಿಗೆ ಹೇಳೋದು ಬೇಡ. ತಂಡದ ತೀರ್ಮಾನ ಅಂತ ಹೇಳ್ತೀನಿ. ನಿಮ್ಮ ಮೇಲೆ ಅವರಿಗಿರೋ ನಂಬಿಕೆನಾದ್ರೂ ಉಳೀಲಿ," ಅಂದರು. ಮನಸ್ಸಿಟ್ಟೇ ಹೇಳಿದ್ದು. ನನಗೆ ಅಳು ಬಂದದ್ದು ಆಗಲೇ.

ಮುಂದಿನ ಬುಧವಾರ ಹೋದೆ. ಮೇಷ್ಟ್ರು ಅದೇ ಕಿಟಕಿಯ ಬಳಿ ಕೂತಿದ್ದರು. ನನ್ನನ್ನು ನೋಡಿ ದಾರ ಎತ್ತಿ ಹಿಡಿದು, ಒಂದೇ ಏಟಿಗೆ ಸೂಜಿಯ ಕಣ್ಣಿಗೆ ತೂರಿಸಿದರು.

"ರಾಜಿಯಾಯ್ತು ನೋಡು ಗಂಡ ಹೆಂಡ್ತಿಗೆ."

"ಅಂಗಡಿ?" ಅಂದೆ.

"ಯಜಮಾನಿ ಬಂದಿದ್ಲು. ಪಾಪ, ತುಂಬಾ ಹೊತ್ತು ಕೂತಿದ್ಲು. ಉಳಿದೋರು ಹೆದರ್ಕೊಂಡಿದಾರೆ, ಗಿರಾಕಿ ಎದುರಿಗೆ ಬೇರೆ ಆಗೋಯ್ತು. ಸದ್ಯಕ್ಕೆ ಅಂಗಡಿಗೆ ಬರೋದು ಬೇಡ, ಕೋಟುಗಳನ್ನ ಮನೆಗೇ ಕಳಿಸ್ತೀನಿ ಅಂದ್ಲು." ದಾರದ ತುದಿಗೆ ಗಂಟು ಹಾಕುತ್ತ, "ಇನ್ನೂ ಬಂದಿಲ್ಲ," ಅಂದರು.

ಇಪ್ಪತ್ತಾರು ವರ್ಷ ಅದೇ ಅಂಗಡಿ, ಅದೇ ಕುರ್ಚಿ. ಈಗ ಕೈ ನೆಟ್ಟಗಾಗಿದೆ, ಹೊಲಿಯಲು ಕೋಟಿಲ್ಲ.

"ಕಾಮಾಲೆ ಕಥೆ ಮುಗೀತು," ಎಂದು ನಕ್ಕರು. "ಯಾರು ಬರೆದ್ರೋ ಏನೋ ಆ ಫಾರಂನ. ನಿಮ್ಮ ಮೇಡಂ ಇರ್ಬೇಕು ಅಲ್ವಾ? ನಮ್ಮನ್ನ ಕಣ್ಣಲ್ಲಿ ನೋಡಿಲ್ಲ, ಮಾತಾಡ್ಸಿಲ್ಲ, ಬರೆದುಬಿಡ್ತಾರೆ."

ಹೂಂ ಅಂದಿದ್ದರೆ ಆಗಿಹೋಗುತ್ತಿತ್ತು. ಅನ್ನಬೇಕೆಂದೇ ಮನೆಯಿಂದ ಹೊರಟಿದ್ದೆ.

"ನಾನೇ ಬರೆದಿದ್ದು ಮೇಷ್ಟ್ರೇ."

ಅವರು ಸೂಜಿಯನ್ನು ಜೋಪಾನವಾಗಿ ಬಟ್ಟೆಗೆ ಚುಚ್ಚಿಟ್ಟರು. ಬಾಗಿಲಲ್ಲಿದ್ದ ಅವರ ಅಕ್ಕ ಒಳಗೆ ಹೋದರು.

"ಡಾಕ್ಟರ್ ಬೇಗ ಸಿಗ್ಲಿ ಅಂತಾನಾ?"

"ಹೌದು. ವ್ಯಾನ್ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಆಣೆಗೂ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ, ಒಪ್ಕೋತೀನಿ." ತಮ್ಮ ಕೈಯನ್ನೇ ನೋಡಿಕೊಂಡರು. ಅದು ಅಲುಗದೆ ತೊಡೆಯ ಮೇಲೆ ಮಲಗಿತ್ತು. "ಮುಂದಿನ ವಾರದಿಂದ ಬೇರೆ ಯಾರನ್ನಾದ್ರೂ ಕಳಿಸೋಕೆ ಹೇಳ್ತೀರಾ ಮೇಡಂ?"

ಅವರು ನನ್ನನ್ನು ಮೇಡಂ ಎಂದು ಕರೆದದ್ದು ಅದೇ ಮೊದಲು. "ಯಾರನ್ನ ಕಳಿಸ್ಲಿ?" ಅಂದೆ.

"ಯಾರಾದ್ರೂ ಸರಿ. ಈ ಕಾಯಿಲೆ ಬರದೇ ಇರೋರು ಆದ್ರೆ ಒಳ್ಳೇದು. ಅವರು ಹೀಗೆ ಮಾಡಿದ್ರೆ, ಪಾಪ, ಅವರಿಗೇನು ಗೊತ್ತು ಅಂತ ನಾನು ಸುಮ್ನಿರಬಹುದು. ನಮ್ಮಂಥೋರ ಬಗ್ಗೆ ಕಾಗದದಲ್ಲಿ ಒಂದು ಸಲ ಬರೆದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು," ಅಂದೆ.